ಜಾಹೀರಾತಿನ ಅಬ್ಬರ

ಟೆಲಿವಿಷನ್ನಿನಲ್ಲಿ ಕಥೆ ನಡೆಯುವಾಗ ಮೆಲ್ಲಗಿದ್ದ ದನಿ ಜಾಹೀರಾತು ಬಂದೊಡನೆ ಅಬ್ಬರಿಸುವುದೇಕೆ ಎಂದು ಕೇಳದವರು ವಿರಳ. ಬೇಕೆಂದೇ ದನಿ ಏರಿಸುತ್ತಾರೆ ಎಂಬ ಉತ್ತರವೂ ಎಲ್ಲರ ಬಾಯಲ್ಲಿದೆ. ಅದು ಅರ್ಧ ನಿಜ. ಏರಿಸುವ ಬಗೆಯನ್ನು ತಿಳಿಯದೆ ಅದನ್ನು ತಡೆಯುವಂತಿಲ್ಲವಾದುದರಿಂದ, ಆ ವಿಚಾರವನ್ನೇ ಮೊದಲು ಹೇಳುತ್ತೇನೆ.

ಪ್ರಸಾರದಲ್ಲಿ ಶಬ್ದಕ್ಕೊಂದು ಮೇಲ್ಮಿತಿಯುಂಟು. ಕಥೆಗೂ ಜಾಹೀರಾತಿಗೂ ಅದೊಂದೇ. ವ್ಯತ್ಯಾಸವಿರುವುದು ತುಂಬುವ ರೀತಿಯಲ್ಲಿ. ಒಂದೇ ಸೇರಿನಲ್ಲಿ ಒಮ್ಮೆ ಪುರಿಯನ್ನೂ ಒಮ್ಮೆ ರಾಗಿಯನ್ನೂ ಅಳೆದು ನೋಡಿರಿ. ಎರಡೂ ಸೇರಿನ ಕಂಠವನ್ನು ಮೀರುವುದಿಲ್ಲ. ಆದರೆ ತೂಕ ಒಂದೆಯೆ? ಕಥೆಯಲ್ಲಿ ಪಿಸುಮಾತುಂಟು, ಮೌನವುಂಟು. ಯಾರೋ ಬಾಗಿಲು ಬಡಿದಾಗ ಮಾತ್ರ ಶಬ್ದ ಕಂಠದವರೆಗೆ ಏರುತ್ತದೆ. ಜಾಹೀರಾತಿನವರಿಗಾದರೋ ದೊರೆಯುವುದು 20-30 ಸೆಕೆಂಡು. ಅವರು ಕಂಪ್ರೆಷನ್ ಎಂಬ ವಿಧಾನದಿಂದ ಜೋರಿನ ತುದಿಗಳನ್ನು ಒತ್ತಿ, ಮೆಲುದನಿಗಳನ್ನು ಮೇಲೆತ್ತಿ, ಸಮಸ್ತವನ್ನೂ ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತಾರೆ. ಮನುಷ್ಯನ ಕಿವಿ ಅತಿ ಚುರುಕಾಗಿರುವ 2,000ದಿಂದ 5,000 ಹರ್ಟ್ಸ್‌ಗಳ ನಡುವಣ ಸ್ವರಗಳಿಗೆ ಒತ್ತು ಕೊಡುವುದೂ ಉಂಟು. ಹೀಗೆ ಮಿತಿ ಮೀರದೆಯೇ ಸರಾಸರಿ ಶಬ್ದ ಏರುತ್ತದೆ. ನಮಗೆ ಜೋರೆನಿಸುವುದು ಬಹುಮಟ್ಟಿಗೆ ಆ ಸರಾಸರಿಯಿಂದ.

ಇದೇನು ಮಹಾ, ರಿಮೋಟಿನ ಗುಂಡಿ ಒತ್ತಿದರಾಯಿತಲ್ಲ ಎನ್ನುವವರಿದ್ದಾರೆ. ಅವರ ಮನೆಯಲ್ಲಿ ಕೋಣೆಗಳು ಹೆಚ್ಚಿರಬೇಕು! ನಮ್ಮ ತಾಯಿಯವರು ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಯಂತ್ರದ ಸದ್ದಿನಲ್ಲಿ ದುಡಿದು ಬಂದವರಿಗೆ ರಾತ್ರಿ ಸಿಕ್ಕುವ ವಿರಾಮವೆಂದರೆ ಒಂದು ಧಾರಾವಾಹಿ. ಪಾತ್ರಗಳ ಮೆಲುಮಾತು ಕೇಳಿಸದೆಂದು ದನಿ ಏರಿಸುತ್ತಾರೆ. ಅಷ್ಟರಲ್ಲಿ ಜಾಹೀರಾತು ಬಂದು, ಮಲಗಿದ್ದ ತಾತ ಬೆಚ್ಚಿ ಏಳುತ್ತಾರೆ, ಅಕ್ಕನ ಕೂಸು ಅಳುತ್ತದೆ, ಅದೇ ಕೋಣೆಯ ಮೂಲೆಯಲ್ಲಿ ಓದುವ ನನಗೆ ಸಾಲು ತಪ್ಪುತ್ತದೆ. ಆಮೇಲೆ ತಾಯಿಯವರು ದನಿಯನ್ನು ತಗ್ಗಿಸಿಯೇ ಇಟ್ಟು, ಕೇಳಿಸದ ಮಾತನ್ನು ಮುಖ ನೋಡಿ ಊಹಿಸುತ್ತಾರೆ. ತಿಂಗಳು ತಿಂಗಳೂ ಕೇಬಲ್ಲಿಗೆ ಹಣ ಕೊಡುವವರೂ ಅವರೇ.

ದೂರದರ್ಶನದಲ್ಲಿ ಜಾಹೀರಾತು ಮೊದಲಾದುದು 1976ರಲ್ಲಿ. ಆ ಆದಾಯವಿಲ್ಲದೆ ಖಾಸಗಿ ವಾಹಿನಿಗಳು ನಡೆಯಲಾರವೆಂಬುದನ್ನು ಬಲ್ಲೆ. ಜಾಹೀರಾತೇ ಕೂಡದೆಂದು ನನ್ನ ವಾದವಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ, ಜಾಹೀರಾತಿನ ಶಬ್ದ ಅತಿ ಜೋರಾಗಿರಬಾರದೆಂಬ ಮಾತಿದೆ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದೆಂದು ಅದೇ ನಿಯಮಗಳು ಕಾಲವನ್ನು ಅಂಕಿಯಲ್ಲಿ ಕಟ್ಟಿಹಾಕಿವೆ. ಶಬ್ದಕ್ಕೆ ಮಾತ್ರ 'ಅತಿ' ಎಂಬುದೊಂದೇ ಅಳತೆ! ಅತಿಯೆಂದರೆ ಎಷ್ಟು? ಕೇಳುವವನಿಗೊಂದು, ಮಾರುವವನಿಗೊಂದು.

ಅಳೆಯುವ ಉಪಾಯವಿಲ್ಲದೆ ಹೀಗಾಗಿದೆ ಎನ್ನುವಂತಿಲ್ಲ. ಕಿವಿಗೆ ತೋರುವ ಅಬ್ಬರವನ್ನು ಅಳೆಯುವ ಕ್ರಮವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿಯೇ ಪ್ರಕಟಿಸಿತು. ಅಮೆರಿಕದಲ್ಲಿ 2010ರಲ್ಲಿ ಕಾನೂನಾಗಿ, ಜಾಹೀರಾತಿನ ಸರಾಸರಿ ದನಿ ಕಾರ್ಯಕ್ರಮದ ಸರಾಸರಿಯನ್ನು ಮೀರಬಾರದೆಂಬ ನಿಯಮ 2012ರ ಡಿಸೆಂಬರ್ 13ರಿಂದ ಜಾರಿಗೆ ಬಂದಿತು. ದೂರುಗಳು ಅಲ್ಲಿಯೂ ನಿಂತಿಲ್ಲ, ನಿಜ. ಆದರೆ ದೂರುವವನ ಕೈಯಲ್ಲಿ ಅಳತೆಗೋಲಿದೆ.

ನಮ್ಮ ನಿಯಮದಲ್ಲಿಯೂ 'ಅತಿ'ಯ ಎದುರಿಗೆ ಒಂದು ಅಂಕಿಯನ್ನು ಬರೆಯಬೇಕೆಂದು ಕೋರಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೊಂದು ಮನವಿಯನ್ನು ಸಿದ್ಧಪಡಿಸಿದ್ದೇನೆ. ಅಧ್ಯಾಪಕರು ದಯವಿಟ್ಟು ಅದರ ಭಾಷೆಯನ್ನು ತಿದ್ದಿಕೊಡಬೇಕು. ಸಹಿ ಹಾಕಬಯಸುವ ಮಿತ್ರರು ಮಧ್ಯಾಹ್ನದ ವಿರಾಮದಲ್ಲಿ ವಾಚನಾಲಯಕ್ಕೆ ಬಂದರೆ ನಾನು ಅಲ್ಲಿಯೇ ಇರುತ್ತೇನೆ.