ಸರ್ವರ್ ಇದ್ದವರೆಲ್ಲ ಆಟ ಆಡಿಸಬಲ್ಲರೇ?

ನಮ್ಮ ಐಟಿ ಮಂದಿಗೆ ಒಂದು ಗಟ್ಟಿ ನಂಬಿಕೆ ಇದೆ. ಕೋಡ್ ಬರೆಯೋಕೆ ಬಂದರೆ ಸಾಕು, ಪ್ರಪಂಚದ ಮಿಕ್ಕ ಕಸುಬೆಲ್ಲ ಒಂದು ಆ್ಯಪ್‌ನಷ್ಟು ದೂರ. ಟ್ಯಾಕ್ಸಿ ಓಡಿಸೋದು, ದಿನಸಿ ಮಾರೋದು, ಸಾಲ ಕೊಡೋದು, ಮದುವೆಗೆ ಹೆಣ್ಣು ಹುಡುಕೋದು, ಎಲ್ಲವೂ. ಇದೇ ಧಾಟಿಯಲ್ಲಿ ಆಫೀಸಿನ ಊಟದ ಟೇಬಲ್ಲಿನಲ್ಲಿ ಆಗಾಗ ಕೇಳಿಬರುವ ಮಾತು: "ಗೂಗಲ್ಲೋ ಆಪಲ್ಲೋ ಮನಸ್ಸು ಮಾಡಿದ್ರೆ ಸೋನಿ, ನಿಂಟೆಂಡೋ ಎಲ್ಲಾ ಎರಡು ವರ್ಷದಲ್ಲಿ ಗಂಟುಮೂಟೆ ಕಟ್ಬೇಕು ಮಗಾ. ಅಷ್ಟು ದುಡ್ಡಿದೆ, ಅಷ್ಟು ಇಂಜಿನಿಯರ್ಸ್ ಇದಾರೆ."

ಮನಸ್ಸು ಮಾಡಿಲ್ಲ ಅಂತ ಹೇಳಿದವರು ಯಾರು ಸ್ವಾಮಿ? ಆಪಲ್ 1996ರಲ್ಲೇ ಮನಸ್ಸು ಮಾಡಿತ್ತು. ಮ್ಯಾಕಿಂಟೋಶ್ ಕಂಪ್ಯೂಟರನ್ನೇ ಒಂದಿಷ್ಟು ಕತ್ತರಿಸಿ, ಮೋಡೆಮ್ ಸಿಕ್ಕಿಸಿ, ಪಿಪ್ಪಿನ್ ಅಂತ ಹೆಸರಿಟ್ಟು, ಜಪಾನಿನ ಆಟಿಕೆ ಕಂಪನಿ ಬಂಡಾಯ್ ಮೂಲಕ ಟೀವಿ ಮುಂದೆ ಕೂರಿಸೋಕೆ ನೋಡಿತು. ಅಮೆರಿಕದಲ್ಲಿ ಬೆಲೆ 599 ಡಾಲರ್. ಅದೇ ವರ್ಷ ಅಲ್ಲಿಗೆ ಬಂದ ನಿಂಟೆಂಡೋ 64ರ ಬೆಲೆ 199 ಡಾಲರ್, ಆಡೋಕೆ ಮಾರಿಯೋ ಬೇರೆ. ಪಿಪ್ಪಿನ್‌ನಲ್ಲಿ ಆಡೋಕೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಸುಮಾರು 42 ಸಾವಿರ ಮಾರಾಟ ಆಗೋಷ್ಟರಲ್ಲಿ ಕಥೆ ಮುಗಿಯಿತು.

ಅದು ಹಳೇ ಪುರಾಣ, ಆಗ ಆಪಲ್ಲೇ ಐಸಿಯುನಲ್ಲಿತ್ತು ಅಂತೀರಾ? ಸರಿ. ಗೂಗಲ್ಲಿಗೆ ಬರೋಣ. 2019ರ ಮಾರ್ಚಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೇಮ್ ಡೆವಲಪರುಗಳ ದೊಡ್ಡ ಸಮ್ಮೇಳನ. ಸ್ಟೇಡಿಯಾ ಘೋಷಿಸಲು ವೇದಿಕೆ ಹತ್ತಿದ ಸುಂದರ್ ಪಿಚೈ, ತಾನು ಅಂಥಾ ದೊಡ್ಡ ಗೇಮರ್ ಏನಲ್ಲ ಅಂತ ಅಲ್ಲೇ ಹೇಳಿಕೊಂಡರು. ವಿನಯದ ಮಾತು ಅಂತಲೇ ಇಟ್ಟುಕೊಳ್ಳೋಣ. ಆದರೆ ಅವರ ಕಂಪನಿಯ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿತ್ತು.

ತಂತ್ರಜ್ಞಾನದಲ್ಲಿ ಹುಳುಕು ಹುಡುಕೋಕೆ ನಾನು ಹೋಗಲ್ಲ. ಆಟ ನಡೆಯೋದು ಗೂಗಲ್ಲಿನ ಡೇಟಾ ಸೆಂಟರಿನಲ್ಲಿ. ನೀವು ಮನೇಲಿ ಗುಂಡಿ ಒತ್ತಿದ್ದು ಅಲ್ಲಿಗೆ ಹೋಗಿ, ಅಲ್ಲಿ ಹೀರೋ ಜಿಗಿದು, ಆ ಜಿಗಿತ ವಿಡಿಯೋ ಆಗಿ ನಿಮ್ಮ ಟೀವಿಗೆ ವಾಪಸ್ ಬರಬೇಕು, ನಿಮ್ಮ ಬೆರಳಿಗೆ ಗೊತ್ತಾಗದಷ್ಟು ಬೇಗ. ಆ ವಿಳಂಬದಲ್ಲಿ ಒಂಚೂರು ಉಳಿಸೋಕೆ ಅಂತ ಕಂಟ್ರೋಲರನ್ನೇ ವೈಫೈ ಮೂಲಕ ನೇರ ಸರ್ವರಿಗೆ ಮಾತಾಡಿಸಿದ್ದರು. ಲೇಟೆನ್ಸಿ ಜೊತೆ ದಿನಾ ಗುದ್ದಾಡಿ ಹೊಟ್ಟೆ ಹೊರೆಯೋ ನನ್ನಂಥವನು ಆ ಕೆಲಸಕ್ಕೆ ಸಲಾಂ ಹೊಡೀಲೇಬೇಕು.

ಆದರೆ ಆಟಗಳು? ಅಸ್ಯಾಸಿನ್ಸ್ ಕ್ರೀಡ್ ನಿರ್ಮಾಪಕಿ ಜೇಡ್ ರೇಮಂಡ್ ಅವರನ್ನು ಕರೆತಂದು ಸ್ವಂತ ಸ್ಟುಡಿಯೋ ಕಟ್ಟಿದರು. ಒಂದು ದೊಡ್ಡ ಆಟಕ್ಕೆ ನಾಲ್ಕೈದು ವರ್ಷ ಬೇಕು ಅಂತ ಈ ಉದ್ಯಮದಲ್ಲಿ ಚಹಾ ತರೋ ಹುಡುಗನಿಗೂ ಗೊತ್ತು. ಗೂಗಲ್ ಆ ಸ್ಟುಡಿಯೋಗೆ ಕೊಟ್ಟ ಆಯಸ್ಸು ಎರಡು ವರ್ಷವೂ ಅಲ್ಲ. 2021ರ ಫೆಬ್ರವರಿಯಲ್ಲಿ ಬಾಗಿಲು ಹಾಕಿದರು. ಹೇರಿಗೆ ಒಂಬತ್ತು ತಿಂಗಳಾಗುತ್ತೆ ಅಂತ ಗೊತ್ತಿದ್ದೂ ನಾಲ್ಕನೇ ತಿಂಗಳಲ್ಲಿ "ಮಗು ಎಲ್ಲಿ?" ಅಂತ ಕೇಳೋದಕ್ಕೆ ಏನನ್ನಬೇಕು?

ಅದೇ ತಿಂಗಳು ನಡೆದ ಇನ್ನೊಂದು ಘಟನೆ ನನಗೆ ಇಡೀ ಸ್ಟೇಡಿಯಾ ಕಥೆಗಿಂತ ದೊಡ್ಡದಾಗಿ ಕಾಣುತ್ತೆ. ಟೆರಾರಿಯಾ ಅನ್ನೋ ಬಲು ಜನಪ್ರಿಯ ಆಟ ಮಾಡಿದ ಆ್ಯಂಡ್ರೂ ಸ್ಪಿಂಕ್ಸ್ ಅವರ ಗೂಗಲ್ ಅಕೌಂಟನ್ನು ಗೂಗಲ್ಲಿನ ವ್ಯವಸ್ಥೆ ಲಾಕ್ ಮಾಡಿಬಿಟ್ಟಿತು. ಮೂರು ವಾರ ಕಳೆದರೂ ಸರಿ ಹೋಗಲಿಲ್ಲ. ರೋಸಿಹೋಗಿ ಆತ ಟ್ವಿಟ್ಟರಿನಲ್ಲಿ ಬಹಿರಂಗವಾಗಿ ಹೇಳಿದ: ನಮ್ಮ ಆಟ ಸ್ಟೇಡಿಯಾಗೆ ಬರಲ್ಲ. ಆಮೇಲೆ ಓಡಾಡಿ ಸರಿಮಾಡಿದರು, ಆಟವೂ ಬಂತು, ಅದು ಬೇರೆ ಮಾತು. ಯೋಚನೆ ಮಾಡಿ, ನಿಮ್ಮ ಅಂಗಡಿಯಲ್ಲಿ ಮಾರೋಕೆ ಸರಕು ತರೋ ಮನುಷ್ಯ ಅವನು. ಕಂಪ್ಯೂಟರ್ ಕಂಪನಿಗೆ ಅವನು ಕೋಟ್ಯಂತರ ಬಳಕೆದಾರರಲ್ಲಿ ಒಂದು ಸಾಲು. ನಿಂಟೆಂಡೋಗೆ ಅಂಥವನು ಮನೆಗೆ ಬಂದ ಬೀಗ.

2023ರ ಜನವರಿ 18ಕ್ಕೆ ಸ್ಟೇಡಿಯಾ ಬಂದ್. ಆಟಕ್ಕೂ ಕಂಟ್ರೋಲರಿಗೂ ಜನ ಕೊಟ್ಟ ದುಡ್ಡು ವಾಪಸ್ ಕೊಟ್ಟರು, ಅದೊಂದು ಮರ್ಯಾದೆ ಉಳಿಸಿಕೊಂಡರು. ಇಂಡಿಯಾಕ್ಕೆ ಅದು ಬರಲೇ ಇಲ್ಲ.

ನಮ್ಮ ತೀರ್ಥಹಳ್ಳಿ ಕಡೆ 'ಆಟ' ಅಂದರೆ ಯಕ್ಷಗಾನ. ಆಟಕ್ಕೆ ಚಪ್ಪರ, ಲೈಟು, ಮೈಕು ಒದಗಿಸೋ ಸೌಂಡ್ ಸರ್ವೀಸಿನವನಿಗೆ ಸೀಸನ್ನಿನಲ್ಲಿ ಕೈತುಂಬ ಕೆಲಸ, ಒಳ್ಳೇ ದುಡ್ಡು. ಅವನಿಲ್ಲದೆ ಹಿಂದಿನ ಸಾಲಿನವರಿಗೆ ಪದ ಕೇಳಲ್ಲ. ಆದರೆ ಜನ ಕಂಬಳಿ ಹೊದ್ದು ಬರೋದು ಭಾಗವತರು ಯಾರು, ಎರಡನೇ ವೇಷ ಯಾರದು ಅಂತ ವಿಚಾರಿಸಿಕೊಂಡು. ಈಗ ಆ ಮೈಕಿನವನೇ, "ನನ್ನ ಆಂಪ್ಲಿಫೈಯರ್ ಜಿಲ್ಲೆಯಲ್ಲೇ ದೊಡ್ಡದು, ನಾನೇ ಮೇಳ ಕಟ್ತೀನಿ, ಮೂರು ತಿಂಗಳಲ್ಲಿ ಚಂಡೆಯವರು ಲಾಭ ತೋರಿಸದಿದ್ರೆ ಮನೆಗೆ ಕಳಿಸ್ತೀನಿ" ಅಂದರೆ ಹೇಗಿರುತ್ತೆ? ಸಿಲಿಕಾನ್ ವ್ಯಾಲಿ ಇದನ್ನು ಸ್ಟ್ರಾಟಜಿ ಅನ್ನುತ್ತೆ.

ನಿಂಟೆಂಡೋ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆ ಮಾಡುತ್ತಾ ಶುರುವಾದ ಕಂಪನಿ. 1989ರಲ್ಲಿ ಅದರ ಗೇಮ್ ಬಾಯ್ ಬಂದಾಗ ಬಣ್ಣವಿಲ್ಲದ ಮಸುಕು ಪರದೆ, ನಾಲ್ಕು ಪೆನ್ಸಿಲ್ ಸೆಲ್ಲು. ಎದುರಾಳಿ ಸೇಗಾದ ಗೇಮ್ ಗಿಯರಿಗೆ ಕಲರ್ ಪರದೆ, ಆರು ಸೆಲ್ಲು, ಅವನ್ನೂ ಬೇಗ ನುಂಗುತ್ತಿತ್ತು. ಸ್ಪೆಕ್ ಶೀಟ್ ನೋಡಿ ತೀರ್ಪು ಕೊಡೋ ನಾವೆಲ್ಲ ಗೇಮ್ ಗಿಯರ್ ಕಡೆ ಬೆಟ್ ಕಟ್ಟುತ್ತಿದ್ದೆವು. ಗೆದ್ದದ್ದು ಟೆಟ್ರಿಸ್ ಇದ್ದ ಮಸುಕು ಪರದೆ. ಇನ್ನು ಸೋನಿಯೂ ಹೊರಗಿನಿಂದಲೇ ಬಂದದ್ದಲ್ವಾ ಅಂದರೆ, ಹೌದು. ಆದರೆ ಪ್ಲೇಸ್ಟೇಷನ್ ವಿಭಾಗ ಕಟ್ಟುವಾಗ ಅದರ ಸಂಗೀತ ಕಂಪನಿಯೂ ಪಾಲುದಾರ. ಹಾಡುಗಾರರನ್ನು ಸಂಭಾಳಿಸಿ ಗೊತ್ತಿದ್ದ ಜನ.

"ಹಾಗಾದ್ರೆ ಮೈಕ್ರೋಸಾಫ್ಟ್?" ಅಂತ ನೀವು ಆಗಲೇ ಕೈ ಎತ್ತಿರಬೇಕು. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಬೇರೆ ಇಲ್ಲ.

ಎಕ್ಸ್‌ಬಾಕ್ಸ್ ಹುಟ್ಟಿದ್ದೇ ಭಯದಿಂದ. ಪ್ಲೇಸ್ಟೇಷನ್ 2 ಹಾಲಿನಲ್ಲಿ ಕೂತು ಕಂಪ್ಯೂಟರಿನ ಜಾಗ ತಿಂದುಬಿಡುತ್ತೆ ಅನ್ನೋ ಭಯ. ಆದರೆ ಒಂದು ಜಾಣತನ ಮಾಡಿದರು. 2000ದಲ್ಲಿ ಬಂಜಿ ಅನ್ನೋ ಸ್ಟುಡಿಯೋವನ್ನು ಕೊಂಡರು. ಅದರ ಹೇಲೋ ಆಟವನ್ನು ಅದರ ಹಿಂದಿನ ವರ್ಷ ಜಗತ್ತಿಗೆ ತೋರಿಸಿದ್ದು ಯಾರು ಗೊತ್ತಾ? ಸ್ಟೀವ್ ಜಾಬ್ಸ್, ಮ್ಯಾಕ್‌ವರ್ಲ್ಡ್ ವೇದಿಕೆಯಲ್ಲಿ! ಆಪಲ್ಲಿನ ಅಂಗಳದಲ್ಲಿ ಬೆಳೆದ ಹಲಸಿನ ಮರ ಮೈಕ್ರೋಸಾಫ್ಟಿಗೆ ಹಣ್ಣು ಕೊಟ್ಟಿತು. 2001ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಜೊತೆ ಹೇಲೋ ಬಂತು, ಜನ ಆ ಆಟಕ್ಕಾಗಿ ಡಬ್ಬ ಕೊಂಡರು. ಆದರೂ ಮೊದಲ ಎಕ್ಸ್‌ಬಾಕ್ಸ್ ಮಾರಿದ್ದು ಸುಮಾರು 2.4 ಕೋಟಿ, ಪ್ಲೇಸ್ಟೇಷನ್ 2 ಮಾರಿದ್ದು 15 ಕೋಟಿಗೂ ಹೆಚ್ಚು. ಸಾವಿರಾರು ಕೋಟಿ ರೂಪಾಯಿ ನಷ್ಟ. ಎರಡನೆಯದಾದ ಎಕ್ಸ್‌ಬಾಕ್ಸ್ 360 ಕೆಂಪು ದೀಪ ಹತ್ತಿಸಿಕೊಂಡು ಸಾಲುಸಾಲಾಗಿ ಸಾಯತೊಡಗಿದಾಗ, 2007ರಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ಎಳೆದು 100 ಕೋಟಿ ಡಾಲರಿಗೂ ಹೆಚ್ಚು ಪಕ್ಕಕ್ಕೆ ತೆಗೆದಿಟ್ಟರು. ಸಿಟ್ಟಿಗೆ ಅಂಗಡಿ ಮುಚ್ಚಲಿಲ್ಲ. ನಿಜವಾದ ಆಟದ ಕಂಪನಿ ಹಾಗೇ ನಡೆದುಕೊಳ್ಳುತ್ತೆ.

ಆಮೇಲೆ ಹಳೇ ಬುದ್ಧಿ ವಾಪಸ್ ಬಂತು. 2013ರ ಎಕ್ಸ್‌ಬಾಕ್ಸ್ ಒನ್ ಪರಿಚಯಿಸುವಾಗ ಟೀವಿ, ಟೀವಿ, ಟೀವಿ. ಕೇಳದಿದ್ದರೂ ಕೈನೆಕ್ಟ್ ಕ್ಯಾಮೆರಾ ಅಂಟಿಸಿ 499 ಡಾಲರ್. ಸೋನಿ 399ಕ್ಕೆ ಬರೀ ಆಟದ ಡಬ್ಬ ಇಟ್ಟು ಗೆದ್ದಿತು. ಆಮೇಲೆ ಚೀಲ ಬಿಚ್ಚಿದರು: ಆ್ಯಕ್ಟಿವಿಷನ್ ಬ್ಲಿಜರ್ಡ್ ಖರೀದಿಗೆ 6,870 ಕೋಟಿ ಡಾಲರ್. 2023ರ ಅಕ್ಟೋಬರಿನಲ್ಲಿ ವ್ಯವಹಾರ ಮುಗಿಯಿತು, 2024ರ ಜನವರಿಯಲ್ಲಿ ಗೇಮಿಂಗ್ ವಿಭಾಗದ 1,900 ಜನರನ್ನು ಮನೆಗೆ ಕಳಿಸಿದರು. ಮೇ ತಿಂಗಳಲ್ಲಿ ಟ್ಯಾಂಗೋ ಗೇಮ್‌ವರ್ಕ್ಸ್ ಮುಚ್ಚೋ ಘೋಷಣೆ. ಹೈ-ಫೈ ರಷ್ ಅನ್ನೋ, ಆಡಿದವರೆಲ್ಲ ಮೆಚ್ಚಿದ, ಪ್ರಶಸ್ತಿ ಗೆದ್ದ ಆಟ ಮಾಡಿದ ಸ್ಟುಡಿಯೋ ಅದು. ಸೋತವರನ್ನು ಕಳಿಸಿದರೆ ಅರ್ಥ ಮಾಡ್ಕೋಬಹುದು. ಗೆದ್ದವರನ್ನೂ ಕಳಿಸಿದರೆ ಮುಂದಿನ ಆಟವನ್ನು ಎಕ್ಸೆಲ್ ಶೀಟ್ ಮಾಡುತ್ತಾ? ಕೊನೆಗೆ ಆ ಸ್ಟುಡಿಯೋವನ್ನು ಎತ್ತಿಕೊಂಡದ್ದು ಕೊರಿಯಾದ ಗೇಮ್ ಕಂಪನಿ ಕ್ರಾಫ್ಟನ್.

ಆಪಲ್ಲಿನವರು ಇದನ್ನೆಲ್ಲ ನೋಡಿ ನಗ್ತಿರಬಹುದು. ಐಫೋನಿನ ಆಟಗಳಿಂದ ಅವರಿಗೆ ಹರಿದುಬರೋ ದುಡ್ಡಿಗೆ ಲೆಕ್ಕವಿಲ್ಲ, ಆ್ಯಪ್ ಸ್ಟೋರಿನ 30 ಪರ್ಸೆಂಟಿನ ದಯೆ. ಇದನ್ನೇ ತೋರಿಸಿ "ನೋಡು, ಗೆದ್ದಿಲ್ವಾ?" ಅನ್ನೋ ಗೆಳೆಯರಿದ್ದಾರೆ. ಸಂತೆ ಬಾಗಿಲಲ್ಲಿ ಸುಂಕ ವಸೂಲಿ ಮಾಡೋನಿಗೂ ಸಂಜೆಗೆ ಜೇಬು ತುಂಬಿರುತ್ತೆ. ಅವನನ್ನು ಒಳ್ಳೇ ರೈತ ಅಂತ ಯಾರೂ ಕರೆಯಲ್ಲ.

ಇದರಲ್ಲಿ ನಿನಗೇನು ತಲೆನೋವು ಅಂತ ಕೇಳಬಹುದು. ಬೆಂಗಳೂರಿಗೂ ಇದು ದೂರದ ಕಥೆ ಅಲ್ಲ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರ್ಯಾಕ್ಟಿವ್ ಎಕ್ಸ್‌ಬಾಕ್ಸಿನ ಫೋರ್ಜಾ ಆಟಕ್ಕೆ ಕಾರುಗಳನ್ನು ರೂಪಿಸಿ ಕೊಟ್ಟಿತು, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಇವತ್ತು ಈ ಊರಲ್ಲಿ ಆಟಕ್ಕೆ ಚಿತ್ರ ಬಿಡಿಸೋ, ಕೋಡ್ ಬರೆಯೋ, ಬಗ್ ಹುಡುಕೋ ಹುಡುಗ ಹುಡುಗಿಯರಿದ್ದಾರೆ. ದೊಡ್ಡ ಕಂಪನಿಯ ಹೆಸರು ನೋಡಿ ಅವರು ಹಾರುವಾಗ, ಆ ಕಂಪನಿಗೆ ಆಟ ಬೇಕೋ, ಆಟದ ನೆಪದಲ್ಲಿ ಕ್ಲೌಡ್ ಮಾರೋದು ಬೇಕೋ ಅನ್ನೋದು ಅವರ ಗೃಹಸಾಲದ ಪ್ರಶ್ನೆ.

ಕಂಪ್ಯೂಟರ್ ಕಂಪನಿ ಈ ಮಾರುಕಟ್ಟೆಯಲ್ಲಿ ಗೆಲ್ಲೋಕೆ ಆಗಲ್ಲ ಅಂತ ನಾನು ಹೇಳ್ತಿಲ್ಲ. ಕಂಪ್ಯೂಟರ್ ಕಂಪನಿಯಾಗಿಯೇ ಉಳಿದುಕೊಂಡು ಗೆಲ್ಲೋಕೆ ಆಗಲ್ಲ.

ನನ್ನ ಟೀಮಿನಲ್ಲಿದ್ದ ಜೂನಿಯರ್ ಒಬ್ಬನಿಗೆ ಈಚೆಗೆ ಇಂಥದೊಂದು ದೈತ್ಯ ಕಂಪನಿಯ ಗೇಮಿಂಗ್ ವಿಭಾಗದಿಂದ ಕರೆ ಬಂತು. ಸಂಬಳ ನನಗಿಂತ ಜಾಸ್ತಿ, ಹೊಟ್ಟೆ ಉರೀತು, ಇರಲಿ. ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆ ಕೇಳು ಅಂದೆ: ಆಟ ಬರೋದು ಐದನೇ ವರ್ಷಕ್ಕೆ ಅಂತಾದರೆ, ನಾಲ್ಕನೇ ವರ್ಷ ಯಾವ ಬಜೆಟ್ಟಿನಿಂದ ಸಂಬಳ ಕೊಡ್ತೀರಿ? ಕೇಳಿದನಂತೆ. ಆ ಕಡೆಯವರು ಒಂದು ಕ್ಷಣ ಸುಮ್ಮನಿದ್ದು, "ರೋಡ್‌ಮ್ಯಾಪನ್ನು ಪ್ರತಿ ಕ್ವಾರ್ಟರ್ ರಿವ್ಯೂ ಮಾಡ್ತೀವಿ" ಅಂದರಂತೆ. ಹುಡುಗ ಇನ್ನೂ ಯೋಚನೆ ಮಾಡ್ತಿದ್ದಾನೆ.