ಸೊನ್ನೆ ರೋಧ ಎಂಬ ಅರ್ಧಸತ್ಯ

ಸೂಪರ್‌ಕಂಡಕ್ಟರ್ ಎಂದರೆ ಸೊನ್ನೆ ರೋಧ, ಒಮ್ಮೆ ಹರಿಸಿದ ವಿದ್ಯುತ್ತು ನಿಲ್ಲದೆ ಹರಿಯುತ್ತದೆ: ಜನಪ್ರಿಯ ವಿಜ್ಞಾನ ಬರಹಗಳು ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತವೆ. ಇದು ಅರ್ಧಸತ್ಯ.

1960ರ ದಶಕದ ಆರಂಭದಲ್ಲಿ ನಯೋಬಿಯಂ ಮಿಶ್ರಲೋಹದ ತಂತಿಯಿಂದ ಅಯಸ್ಕಾಂತ ಕಟ್ಟಿದವರಿಗೆ ನಿರಾಶೆಯೇ ಕಾದಿತ್ತು. ತುಂಡು ತಂತಿ ಹೊತ್ತಷ್ಟು ವಿದ್ಯುತ್ತನ್ನು ಅದೇ ತಂತಿಯ ಸುರುಳಿ ಹೊರಲಿಲ್ಲ. ತಂತಿಯೊಳಗೆ ಹೊಕ್ಕ ಕಾಂತರೇಖೆಗಳು ತುಸು ಜಾರಿದರೆ ಶಾಖ ಹುಟ್ಟುತ್ತದೆ. ಶಾಖಕ್ಕೆ ಅವುಗಳ ಹಿಡಿತ ಸಡಿಲಿ ಇನ್ನಷ್ಟು ಜಾರುತ್ತವೆ. 4 ಕೆಲ್ವಿನ್ ಚಳಿಯಲ್ಲಿ ಲೋಹವನ್ನು ಬಿಸಿ ಮಾಡಲು ಅತ್ಯಲ್ಪ ಶಾಖ ಸಾಕು. ಕ್ಷಣದಲ್ಲಿ ಸೂಪರ್‌ಕಂಡಕ್ಟರ್ ಮಾಮೂಲಿ ಲೋಹವಾಗಿಬಿಡಬಹುದು. ಇದೇ ಫ್ಲಕ್ಸ್ ಜಂಪ್.

ಇದಕ್ಕೆ ಮದ್ದು ಪವಾಡದ ವಸ್ತುವಲ್ಲ, ತಂತಿ ಎಳೆಯುವವರ ಕಸುಬು: ಕೂದಲಿಗಿಂತ ತೆಳುವಾದ ಎಳೆಗಳು, ಸುತ್ತ ತಾಮ್ರ, ಜೊತೆಗೆ ಹುರಿ. ಜಿನೀವಾ ಬಳಿಯ ಎಲ್‌ಎಚ್‌ಸಿಯ ಮುಖ್ಯ ಅಯಸ್ಕಾಂತಗಳಲ್ಲಿ ಎಳೆಯ ದಪ್ಪ 6–7 ಮೈಕ್ರಾನ್. ಆಸ್ಪತ್ರೆಯ ಎಂಆರ್‌ಐ ನಡೆಯುವುದೂ ತಾಮ್ರದಲ್ಲಿ ಹುದುಗಿದ ಇಂಥ ಎಳೆಗಳಿಂದಲೇ.

2023ರಲ್ಲಿ ಎಲ್‌ಕೆ-99 ಸುದ್ದಿಗೆ ಜಗತ್ತು ಕುಣಿಯಿತು. ಕೊನೆಗೆ ಅದು ಸೂಪರ್‌ಕಂಡಕ್ಟರೇ ಅಲ್ಲವೆಂದಾಯಿತು. ಆಗಿದ್ದರೂ ಮುಂದಿನ ಪ್ರಶ್ನೆಯನ್ನು ಕೇಳಿದವರು ವಿರಳ: ಅದು ತಂತಿಯಾಗುತ್ತದೆಯೇ, ಕಾಂತಕ್ಷೇತ್ರದಲ್ಲಿ ನಿಲ್ಲುತ್ತದೆಯೇ? ತಾಪಮಾನದ ದಾಖಲೆಗೆ ತಲೆಬರಹ, ತಂತಿಯ ದುಡಿಮೆಗೆ ಅಡಿಟಿಪ್ಪಣಿಯೂ ಇಲ್ಲ. ಈ ಲೆಕ್ಕ ತಲೆಕೆಳಗಾಗಿದೆ.