ನಿಂತಲ್ಲೇ ನಿಲ್ಲುವವರು

ಅಣೆಕಟ್ಟಿಗೋ ಗಣಿಗೋ ನೆಲ ಬಿಟ್ಟುಕೊಡಲೊಪ್ಪದವರನ್ನು ‘ವಿರೋಧಿಗಳು’ ಎಂದು ಕರೆಯುವುದು ಆಳುವವರ ಹಳೆಯ ರೂಢಿ. ಚಳವಳಿಗಳೂ ‘ಪ್ರತಿರೋಧ’ವೆಂಬ ಪದವನ್ನು ಹೆಮ್ಮೆಯಿಂದಲೇ ಬಳಸುತ್ತವೆ. ಎರಡರ ಬೇರೂ ಸಂಸ್ಕೃತದ ‘ರುಧ್’, ಎಂದರೆ ತಡೆಯುವುದು. ಅಡ್ಡ ಬಂದವರೆಂಬ ಆರೋಪ ಹೆಸರಿನೊಳಗೇ ಕುಳಿತಿದೆ.

ಯುರೋಪಿನ ಹಲವು ಭಾಷೆಗಳಿಗೆ ಈ ಪದ ಬಂದದ್ದು ಬೇರೆ ದಾರಿಯಿಂದ. ಲ್ಯಾಟಿನ್ನಿನ ‘ರೆಸಿಸ್ಟೆರೆ’ ಕ್ರಿಯಾಪದಕ್ಕೆ ಮೊದಲ ಅರ್ಥ ನಿಂತುಬಿಡುವುದು, ಹಿಂದೆ ಉಳಿಯುವುದು. ಎದುರಿಸುವುದೆಂಬ ಅರ್ಥ ಅದರ ಮೇಲೆ ಬೆಳೆದದ್ದು. ಅದರೊಳಗಿನ ‘ಸಿಸ್ಟೆರೆ’ ಸಂಸ್ಕೃತದ ‘ತಿಷ್ಠತಿ’ಗೆ ಒಡಹುಟ್ಟು, ‘ಸ್ಥಾ’ ಧಾತುವಿನ ದ್ವಿತ್ವ ಎರಡರಲ್ಲಿಯೂ ಕಾಣುತ್ತದೆ. ಇಂಗ್ಲಿಷಿನ ‘ರೆಸಿಸ್ಟ್’, ಇಟಾಲಿಯನ್ನಿನ ‘ರೆಸಿಸ್ತೆನ್ಸಾ’ ಲ್ಯಾಟಿನ್ನಿನ ಸಂತಾನ. ಜರ್ಮನ್ನಿನ ‘ವಿಡರ್‌ಷ್ಟಾಂಡ್’ ಕೂಡ ಎದುರು ನಿಲ್ಲುವುದೇ. ಕನ್ನಡದಲ್ಲಿ ನೆಲೆಸಿರುವ ಬಂಧುಗಳೆಂದರೆ ಸ್ಥಾನ, ಸ್ಥಾವರ, ನಿಷ್ಠೆ, ಪ್ರತಿಷ್ಠೆ. ಪ್ರತಿಷ್ಠೆ ಈಗ ಉಳ್ಳವರ ಮನೆ ಸೇರಿಕೊಂಡಿದೆಯಾದರೂ ಮೂಲದಲ್ಲಿ ಅದು ನೆಲೆಯೂರಿ ನಿಲ್ಲುವುದು.

ದಕ್ಷಿಣ ಫ್ರಾನ್ಸಿನ ಏಗ್‌ಮಾರ್ತ್ ಊರಿನ ಕಾನ್‌ಸ್ಟಾನ್ಸ್ ಗೋಪುರದ ಕಲ್ಲಿನಲ್ಲಿ ಈ ಕ್ರಿಯಾಪದವೊಂದೇ ಕೆತ್ತಲ್ಪಟ್ಟಿದೆ, ಅದೂ ಸೀಮೆಯ ನುಡಿಯ ತಪ್ಪು ಕಾಗುಣಿತದಲ್ಲಿ. ಕೆತ್ತಿದವಳು ವಿವಾರೆ ಬೆಟ್ಟಸೀಮೆಯ ಮರಿ ದ್ಯುರಾನ್ ಎಂದು ಪ್ರತೀತಿ. ಪ್ರೊಟೆಸ್ಟಂಟ್ ಮನೆತನದ ಈಕೆ 1730ರಿಂದ 1768ರವರೆಗೆ, 38 ವರ್ಷ, ಅಲ್ಲಿ ಸೆರೆಯಾಳು. ನಂಬಿಕೆ ತೊರೆದಿದ್ದರೆ ಬಾಗಿಲು ತೆರೆಯುತ್ತಿತ್ತು. ಆಕೆ ಯಾರ ದಾರಿಗೂ ಅಡ್ಡ ನಿಂತವಳಲ್ಲ. ಇದ್ದ ಜಾಗದಿಂದ ಕದಲಲಿಲ್ಲ, ಅಷ್ಟೆ.

ಅದೇ ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಪ್ರಸ್ಥಭೂಮಿ ಕುರಿ ಸಾಕುವವರ ನಾಡು. ರೋಕ್‌ಫೋರ್ ಗಿಣ್ಣಿಗೆ ಹಾಲು ಹೋಗುವುದು ಅಲ್ಲಿಂದ. 1971ರಲ್ಲಿ ಸರ್ಕಾರವು ಅಲ್ಲಿನ ಸೇನಾ ಶಿಬಿರವನ್ನು ಸುಮಾರು 3,000 ಹೆಕ್ಟೇರಿನಿಂದ 17,000 ಹೆಕ್ಟೇರಿಗೆ ಹಿಗ್ಗಿಸಹೊರಟಿತು. ಮರುವರ್ಷ 103 ರೈತರು ಭೂಮಿ ಮಾರೆವೆಂದು ಪ್ರತಿಜ್ಞೆಗೈದರು. ಕುರಿಗಳನ್ನು ಪ್ಯಾರಿಸ್ಸಿಗೊಯ್ದು ಐಫೆಲ್ ಗೋಪುರದಡಿ ಮೇಯಲು ಬಿಟ್ಟದ್ದು ಜಗತ್ತಿಗೆ ನೆನಪಿದೆ. ಅದಕ್ಕಿಂತ ದೊಡ್ಡದು ಊರಿನಲ್ಲಿ ನಡೆದದ್ದು: ಹಾಲು ಕರೆಯುವುದು ನಿಲ್ಲಲಿಲ್ಲ, ಉಳುಮೆ ನಿಲ್ಲಲಿಲ್ಲ. ಲಾ ಬ್ಲಾಕಿಯೇರ್ ಎಂಬಲ್ಲಿ, ಶಿಬಿರಕ್ಕೆಂದು ಗುರುತಿಸಿದ ನೆಲದಲ್ಲಿಯೇ, ಅನುಮತಿಯಿಲ್ಲದೆ ಕಲ್ಲಿನ ಕುರಿದೊಡ್ಡಿಯೊಂದು ಎದ್ದಿತು. ಹೊಸತಾಗಿ ಬರಹೊರಟದ್ದು ಫಿರಂಗಿಗಳು; ಆದರೂ ಅಡ್ಡಿಯೆನಿಸಿಕೊಂಡವರು ಮೊದಲಿನಿಂದಲೂ ಅಲ್ಲಿದ್ದವರು. ಒಕ್ಕಲೆಬ್ಬಿಸಲು ಬಂದವರೆದುರು ಏಳದೆ ಉಳಿಯುವುದನ್ನು ತಡೆ ಎನ್ನುವುದಾದರೆ, ಬೇರು ಬಿಟ್ಟ ಮರವೂ ಕೊಡಲಿಗೆ ವಿರೋಧಿಯೇ. 1981ರಲ್ಲಿ ಮಿತ್ತೆರಾನ್ ಅಧ್ಯಕ್ಷರಾದ ಬಳಿಕ ವಿಸ್ತರಣೆ ರದ್ದಾಯಿತು. ರೈತರು ಎಲ್ಲಿಗೂ ಹಿಂತಿರುಗಬೇಕಾಗಿ ಬರಲಿಲ್ಲ.